ಖಾಲಿ ಶೀಟಿನ ಡಾಕ್ಟ್ರು

ಅವರು ತೀರಿಕೊಂಡ ದಿನ ನಾನು ಅಂಗಡಿ ಮುಚ್ಚಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮ ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ಅಷ್ಟು ವರ್ಷ ಕೂತು ಫಿಟ್ಸ್ ರೋಗಿಗಳನ್ನು ನೋಡಿದ ಡಾಕ್ಟ್ರು ಅವರು. ಅರ್ಧ ದಿನವಾದರೂ ಷಟರ್ ಎಳೆಯಬಾರದಿತ್ತೇ, ಅಷ್ಟೂ ಮರ್ಯಾದೆ ಬೇಡವೇ ಎಂದು ಎದುರಿನ ಬೇಕರಿಯವರು ಕೇಳಿದರು. ಎಳೆದಿದ್ದರೆ ಆ ಮನುಷ್ಯ ಚಟ್ಟದ ಮೇಲಿಂದ ಎದ್ದು ಬಂದು ಬೈಯುತ್ತಿದ್ದರು. "ಏನ್ರೀ ಮೆಡಿಕಲ್ಸು, ಸತ್ತಿರೋದು ನಾನು. ಆ ಕೋಣನಕುಂಟೆ ತಾತಂಗೆ ಇವತ್ತು ಮಾತ್ರೆ ಮುಗಿಯುತ್ತಲ್ರೀ, ಅವ್ರು ಎಲ್ಲಿಗೆ ಹೋಗ್ಬೇಕು?" ಹೀಗೇ ಕೇಳುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದುದೇ 'ಮೆಡಿಕಲ್ಸು' ಎಂದು. ನನಗೂ ಒಂದು ಹೆಸರಿದೆ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಿತ್ತೋ ಇಲ್ಲವೋ.

ಅವರ ಹೆಸರನ್ನು ನಾನೂ ಬರೆಯುವುದಿಲ್ಲ. ಅವರ ಬೋರ್ಡಿನಲ್ಲೇ ಹೆಸರಿರಲಿಲ್ಲ. ಒಂದು ಗಾಳಿಮಳೆಗೆ ಬೋರ್ಡು ಎರಡು ತುಂಡಾಗಿ, ಹೆಸರಿದ್ದ ತುಂಡು ಚರಂಡಿಗೆ ಬಿದ್ದುಹೋಯಿತು. 'ನರರೋಗ ತಜ್ಞರು, ಮೊದಲನೇ ಮಹಡಿ' ಎಂಬ ತುಂಡು ಮಾತ್ರ ಉಳಿಯಿತು. ಹೊಸದು ಬರೆಸಿ ಸಾರ್ ಎಂದರೆ, "ಜನಕ್ಕೆ ಬೇಕಾಗಿರೋದು ಉಳ್ಕೊಂಡಿದ್ಯಲ್ಲ, ಬಿಡ್ರೀ" ಎಂದರು.

ಕಡ್ಡಿಯಂಥ ಆಳು. ಅರ್ಧ ತೋಳಿನ ಶರಟು, ಜೇಬಿನಲ್ಲಿ ಮೂರು ಪೆನ್ನು, ಅದರಲ್ಲಿ ಒಂದು ಕೆಂಪು. ಎಲ್ಲ ನರರೋಗದ ಡಾಕ್ಟ್ರುಗಳೂ ಮೊಣಕಾಲಿಗೆ ಸುತ್ತಿಗೆಯಲ್ಲಿ ಹೊಡೆದು ನೋಡುತ್ತಾರೆ. ಇವರು ಅದಕ್ಕಿಂತ ಮೊದಲು ಖಾಲಿ ಮಾತ್ರೆ ಶೀಟು ಕೇಳುತ್ತಿದ್ದರು. ರೋಗಿ ಕಳೆದ ತಿಂಗಳು ನುಂಗಿದ ಮಾತ್ರೆಗಳ ಖಾಲಿ ಶೀಟುಗಳನ್ನೆಲ್ಲ ತರಬೇಕು. ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ತೂತುಗಳ ಮೂಲಕ ಆಚೆಯ ತೆಂಗಿನ ಮರ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕಂಡರೆ ಮಾತ್ರೆ ಹೊಟ್ಟೆಗೆ ಹೋಗಿದೆ ಎಂದು ಅರ್ಥ. ಶೀಟು ತರದವರಿಗೆ ಒಳಗೆ ಪ್ರವೇಶವಿಲ್ಲ. "ಫಿಟ್ಸ್ ಮಾತ್ರೆ ಅಂದ್ರೆ ಬಾಗ್ಲಿನ ಚಿಲಕ ಇದ್ದಂಗೆ. ದಿನಾ ಹಾಕ್ಬೇಕು. ನೀವು ಹಾಕದೆ ಮಲಗಿದ ದಿನಾನೇ ಕಳ್ಳ ಬರೋದು" ಎನ್ನುತ್ತಿದ್ದರು. ಮಾತು ಸರಿಯೇ. ಆದರೆ ಅದರಿಂದ ನಮ್ಮ ಮೆಟ್ಟಿಲ ಮೇಲೆ ನಡೆದ ನಾಟಕವನ್ನು ಯಾರಿಗೆ ಹೇಳಲಿ!

ಜನ ಚೀಲಗಟ್ಟಲೆ ಶೀಟು ಹೊತ್ತು ಬರುತ್ತಿದ್ದರು. ಹುಳಿಮಾವಿನ ಒಬ್ಬ ಯಜಮಾನರು ಅವನ್ನು ದಾರದಲ್ಲಿ ಪೋಣಿಸಿ ಮಾಲೆ ಮಾಡಿಕೊಂಡು ಬಂದಿದ್ದರು. ಒಮ್ಮೆ ಗುಜರಿ ಗಾಡಿಯವನು ಬಂದು ತಕ್ಕಡಿ ಇಳಿಸಿ, "ಅಲ್ಯೂಮಿನಿಯಂ ಹೆಂಗ್ ಕೊಡ್ತೀರಣ್ಣ?" ಎಂದು ನನ್ನನ್ನೇ ಕೇಳಿದ. ಡಾಕ್ಟ್ರು ನೋಡಿ ಮುಗಿಸಿದ ಶೀಟುಗಳನ್ನು ಮೆಟ್ಟಿಲ ಕೆಳಗಿನ ಡ್ರಮ್ಮಿಗೆ ಸುರಿಯುತ್ತಿದ್ದರು. ನಮ್ಮ ಅಂಗಡಿಯ ಕಸ ಹಾಕುವುದೂ ಅದೇ ಡ್ರಮ್ಮಿಗೆ. ಈ ಡ್ರಮ್ಮನ್ನು ನೆನಪಿನಲ್ಲಿಡಿ, ನನ್ನ ಮಾನ ಹೋದದ್ದು ಅದರಿಂದಲೇ.

ಸ್ವಲ್ಪ ದಿನದಲ್ಲಿ ಒಂದು ವಿಚಿತ್ರ ಗಮನಿಸಿದೆ. ಡ್ರಮ್ಮು ತುಂಬುವುದೇ ಇಲ್ಲ! ಮಾತ್ರೆ ನುಂಗದೆ ಬಿಟ್ಟವರು ಕೆಳಗೆ ಬಂದು ಡ್ರಮ್ಮಿನಿಂದ ಖಾಲಿ ಶೀಟು ಆರಿಸಿಕೊಂಡು ಮೇಲೆ ಹೋಗುತ್ತಿದ್ದರು. ಡಾಕ್ಟ್ರು ಒಂದು ಕಣ್ಣು ಮುಚ್ಚಿ ತೆಂಗಿನ ಮರ ನೋಡಿ "ಗುಡ್" ಎಂದು ಮತ್ತೆ ಡ್ರಮ್ಮಿಗೆ ಕಳಿಸುತ್ತಿದ್ದರು. ಅದೇ ಶೀಟು ಮುಂದಿನ ವಾರ ಇನ್ನೊಬ್ಬರ ಚೀಲದಲ್ಲಿ ಮೇಲೆ ಹೋಗುತ್ತಿತ್ತು. ಕೆಲವು ಶೀಟುಗಳಂತೂ ನನಗೆ ಮುಖಪರಿಚಯವಾಗಿಬಿಟ್ಟಿದ್ದವು.

ಹೀಗೆ ಶೀಟು ಹುಡುಕುತ್ತಿದ್ದವರಲ್ಲಿ ಬೊಮ್ಮನಹಳ್ಳಿಯ ಒಬ್ಬ ಹೆಂಗಸು ಇದ್ದಳು. ಗಾರ್ಮೆಂಟ್ಸ್‌ನಲ್ಲಿ ಮಿಷನ್ ಹೊಲಿಗೆ. ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಒಂದು ದಿನ ಡ್ರಮ್ಮಿಗೆ ಬಗ್ಗಿದ್ದವಳು ನನ್ನನ್ನು ಕಂಡು ಗಾಬರಿಯಾದಳು.

"ಬೈಬೇಡಿ ಅಣ್ಣ. ರಾತ್ರಿ ಮಾತ್ರೆ ಬಿಟ್ಟಿದೀನಿ. ಎರಡೂ ಹೊತ್ತು ತಗೊಂಡ್ರೆ ಬಾಡಿಗೆಗೆ ಉಳಿಯಲ್ಲ. ಡಾಕ್ಟ್ರಿಗೆ ಗೊತ್ತಾದ್ರೆ ಓಡಿಸ್ತಾರೆ."

"ಫಿಟ್ಸ್ ಬಂದ್ರೆ ಏನಮ್ಮ ಮಾಡ್ತೀಯ?"

"ಎರಡ್ ಸಲ ಬಂತಣ್ಣ, ಮಿಷನ್ ಮುಂದೇನೇ. ಇನ್ನೊಂದ್ ಸಲ ಬಿದ್ರೆ ಕೆಲಸಕ್ಕೆ ಬರ್ಲೇಬೇಡ ಅಂದಿದಾರೆ ಸೂಪರ್‌ವೈಸರು."

ಇಷ್ಟು ಕೇಳಿದ ಮೇಲೆ ಬುದ್ಧಿ ಇರುವವನು ಏನು ಮಾಡುತ್ತಾನೆ? ಮೇಲೆ ಹೋಗಿ ಡಾಕ್ಟ್ರಿಗೆ ಹೇಳುತ್ತಾನೆ. ನಾನು ಏನು ಮಾಡಿದೆ ಗೊತ್ತೇ? ಪಾಪ, ಬೈಸಿಕೊಳ್ಳುವುದಾದರೂ ತಪ್ಪಲಿ ಎಂದು ಡ್ರಮ್ಮಿಗೆ ಕೈ ಹಾಕಿ, ಮುದುರದ ನಾಲ್ಕು ಒಳ್ಳೆಯ ಶೀಟು ನಾನೇ ಆರಿಸಿ ಕೊಟ್ಟೆ. ತಿಂಗಳು ತಿಂಗಳೂ ಕೊಟ್ಟೆ. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂದೇ ತಿಳಿದಿದ್ದೆ.

ನಾಲ್ಕನೇ ತಿಂಗಳು ಅರ್ಥವಾಗದ ಒಂದು ಚೀಟಿ ಹಿಡಿದು ಡಾಕ್ಟ್ರ ಹತ್ತಿರ ಕೇಳಲು ಮೇಲೆ ಹೋದೆ. ಅವಳು ಒಳಗಿದ್ದಳು. ಡಾಕ್ಟ್ರು ಒಂದು ಶೀಟನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಇನ್ನೊಂದು ಕಣ್ಣನ್ನೂ ತೆರೆದರು.

"ಇದನ್ನೂ ತಗೊಂಡ್ರೇನಮ್ಮ?"

"ಹೂಂ ಸಾರ್."

"ಹೇಗೆ ತಗೊಂಡ್ರಿ?"

"ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ಆದ್ಮೇಲೆ."

"ಏನಾದ್ರೂ ತೊಂದ್ರೆ ಕೊಡ್ತಾ?"

"ಇಲ್ಲ ಸಾರ್. ಸುಸ್ತೂ ಕಮ್ಮಿ ಆಗಿದೆ."

"ಬೊಗಳ್ಬೇಕು ಅಂತ ಅನ್ನಿಸ್ಲಿಲ್ವಾ?"

ಅವಳು ಕಣ್ಣು ಕಣ್ಣು ಬಿಟ್ಟಳು. ಡಾಕ್ಟ್ರು ಶೀಟನ್ನು ಮೇಜಿನ ಮೇಲಿಟ್ಟು, "ಇದು ನಾಯಿ ಜಂತುಹುಳಕ್ಕೆ ಕೊಡೋದಮ್ಮ. ಹತ್ತು ಕೆ.ಜಿ. ನಾಯಿಗೆ ಒಂದು" ಎಂದರು.

ನಮ್ಮ ಅಂಗಡಿಯದೇ. ಯಾರೋ ತಮ್ಮ ನಾಯಿಗೆ ಕೌಂಟರಿನಲ್ಲೇ ತಿನ್ನಿಸಿ ಬಿಸಾಡಿ ಹೋಗಿದ್ದ ಶೀಟು. ನನಗೆ ನಗು ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ನಗಬಾರದಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಯಾರಮ್ಮ ಕೊಟ್ಟಿದ್ದು ಇದನ್ನ?"

ಅವಳು ನನ್ನ ಕಡೆ ನೋಡಲೂ ಇಲ್ಲ. ಹೊರಗೆ ರಸ್ತೆಯಲ್ಲಿ ಬಿದ್ದಿತ್ತು ಎಂದಳು. ಆಗ ನನ್ನ ನಗು ಎಲ್ಲಿ ಹೋಯಿತೋ. "ನಾನೇ ಸಾರ್ ಕೊಟ್ಟಿದ್ದು" ಎಂದೆ. ಡ್ರಮ್ಮಿನ ಕಥೆಯನ್ನು ಪೂರ್ತಿ ಹೇಳಿದೆ. ಜಾಡಿಸುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ.

ಅವರು ಬೈಯಲಿಲ್ಲ. ಆ ನಾಯಿ ಮಾತ್ರೆಯ ಶೀಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಖಾಲಿ ಶೀಟ್ ತನ್ನಿ ಅಂದೆ, ತಂದ್ರು. ತಪ್ಪು ಅವ್ರದ್ದಲ್ಲ, ನಂದು. ತುಂಬಿರೋ ಶೀಟ್ ತಗೊಳ್ಳೋಕೆ ಆಗ್ತಿದ್ಯಾ ಅಂತ ಒಂದಿನ ಕೇಳ್ಲಿಲ್ವಲ್ರೀ" ಎಂದರು. ನನ್ನ ಕಡೆ ತಿರುಗಿ, "ಇವ್ರ ಚೀಟಿಗೆ ತಿಂಗಳಿಗೆ ಎಷ್ಟಾಗುತ್ತೆ?" ಎಂದು ಕೇಳಿದರು.

ಹೇಳಿದೆ. ಅವಳ ಐದು ದಿನದ ಕೂಲಿ.

"ನಾನ್ ಬರ್ದಿರೋದಕ್ಕಾ?"

ನಂಬುತ್ತೀರೋ ಇಲ್ಲವೋ, ಅಷ್ಟು ವರ್ಷ ಬರೆದ ಮನುಷ್ಯನಿಗೆ ತಾನು ಬರೆದ ಮಾತ್ರೆಯ ರೇಟು ಗೊತ್ತಿರಲಿಲ್ಲ. ಯಾವ ಡಾಕ್ಟ್ರಿಗೂ ಗೊತ್ತಿರುವುದಿಲ್ಲ, ಅದು ಬೇರೆ ವಿಷಯ. ಇವರಿಗೆ ಮಾತ್ರ ಮುಖಕ್ಕೆ ತಪರಾಕಿ ಬಿದ್ದಂತಾಯಿತು. ಕೆಂಪು ಪೆನ್ನು ತೆಗೆದು ಅವಳ ಚೀಟಿ ಹರವಿಕೊಂಡರು. ಅದರಲ್ಲಿ ಐದು ಸಾಲು. ಎರಡು ಫಿಟ್ಸಿಗೆ. ಉಳಿದದ್ದು ಒಂದು ಗ್ಯಾಸಿಗೆ, ಒಂದು ಶಕ್ತಿಗೆ, ಒಂದು ಜ್ಞಾಪಕಶಕ್ತಿಗೆ. ಜ್ಞಾಪಕಶಕ್ತಿಯದನ್ನು ಯಾಕೆ ಬರೆದೆನೆಂದು ಅವರಿಗೇ ಜ್ಞಾಪಕವಿರಲಿಲ್ಲ. ಆ ಮೂರನ್ನೂ ಗೀಚಿದರು. ಫಿಟ್ಸಿನ ಎರಡನೆಯದು ಬೇಕೇ ಬೇಡವೇ ಎಂಬುದನ್ನು ನಿಧಾನವಾಗಿ ನೋಡೋಣ, ಸದ್ಯಕ್ಕೆ ಒಂದು ಹೊತ್ತೂ ತಪ್ಪಿಸುವಂತಿಲ್ಲ ಎಂದರು. ಇದೇ ಔಷಧಿ ಬೇರೆ ಕಂಪನಿಯದು ಅಗ್ಗಕ್ಕೆ ಸಿಗುತ್ತದೆಯೇ ಎಂದು ಕೇಳಿದರು.

"ಸಿಗುತ್ತೆ ಸಾರ್. ಕಾಲು ಭಾಗ ರೇಟಿಗೆ."

"ಮತ್ತೆ ಯಾಕ್ರೀ ಇಟ್ಟಿಲ್ಲ?"

"ನೀವು ಯಾಕ್ ಸಾರ್ ಬರ್ದಿಲ್ಲ?"

ಮಾತಿಗೆ ಮಾತು ಬೆಳೆಯಿತು. ಅಷ್ಟು ಅಗ್ಗದ್ದನ್ನು ಮಾರಿದರೆ ನನಗೇನು ಗಿಟ್ಟುತ್ತದೆ? ಎರಡು ಮಕ್ಕಳ ಅಪ್ಪ ನಾನು. ಅಂಗಡಿಗೆ ಬಾಡಿಗೆ ಬೇರೆ. ಆಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕೆಳಗಿಳಿದೆ. ಸದ್ಯಕ್ಕೆ ಅವಳಿಗೆ ಬೇಕಾದ ಎರಡು ವಾರದ ಮಾತ್ರೆಯನ್ನು ಅವರೇ ಯಾವುದೋ ದೂರದ ಅಂಗಡಿಯಿಂದ ತರಿಸಿಕೊಟ್ಟರಂತೆ.

ಮರುದಿನ ಬೆಳಿಗ್ಗೆ ಷಟರ್ ಎತ್ತುವಾಗ ಡಾಕ್ಟ್ರು ನನ್ನ ಅಂಗಡಿಯ ಮುಂದೆ ನಿಂತಿದ್ದರು. ಒಳಗೆ ಬಂದು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತರು. "ಆ ಮಾತ್ರೆಗೆ ಆರ್ಡರ್ ಹಾಕೋವರೆಗೂ ನಾನಿಲ್ಲೇ" ಎಂದರು. ತಮಾಷೆ ಎಂದುಕೊಂಡೆ. ಮೂರು ದಿನ ಕೂತರು! ಅಲ್ಲೇ ರೋಗಿಗಳನ್ನು ನೋಡಿದರು, ನನ್ನ ಕೌಂಟರಿನ ಮೇಲೆ ಕಾಲು ಇಡಿಸಿ ಸುತ್ತಿಗೆಯಲ್ಲಿ ಹೊಡೆದರು. ಕೆಮ್ಮಿನ ಸಿರಪ್ಪು ಕೇಳಲು ಬಂದವರನ್ನು "ಕಣ್ಣು ಮುಚ್ಕೊಂಡು ಮೂಗು ಮುಟ್ಕೊಳ್ಳಿ" ಎಂದು ನಿಲ್ಲಿಸಿಕೊಂಡರು. ನರರೋಗದ ಡಾಕ್ಟ್ರು ಹಗಲೆಲ್ಲಾ ನನ್ನ ಪಕ್ಕದಲ್ಲೇ ಇರುವುದನ್ನು ಕಂಡು, ನನಗೇ ಫಿಟ್ಸ್ ಇದೆ ಎಂದು ಬೀದಿಯಲ್ಲೆಲ್ಲಾ ಸುದ್ದಿಯಾಯಿತು. ಬೇಕರಿಯವರು ಬಂದು ಗುಟ್ಟಾಗಿ ನನ್ನ ಕೈಗೆ ಒಂದು ಬೀಗದ ಕೈ ಗೊಂಚಲು ಕೊಟ್ಟು, "ಕಬ್ಬಿಣ ಹತ್ರ ಇರ್ಲಿ ಗುರು, ಬಂದ್ರೆ ಹಿಡ್ಕೊ" ಎಂದರು. ಡಾಕ್ಟ್ರು ಅದನ್ನು ಕಿತ್ತುಕೊಂಡು, "ಬೀಗದ ಕೈಯಿಂದ ಬೀಗ ತೆಗೀಬೋದು, ಫಿಟ್ಸ್ ನಿಲ್ಲಲ್ಲ" ಎಂದು ಅವರಿಗೂ ಮೂಗು ಮುಟ್ಟಿಸಿ ಕಳಿಸಿದರು.

ಮೂರನೇ ದಿನ ಸಾಯಂಕಾಲ ನನ್ನ ತಾಳ್ಮೆ ತಪ್ಪಿತು. "ಸಾರ್, ನಿಮ್ ಕಾಲಿಗೆ ಬೀಳ್ತೀನಿ, ಮೇಲಕ್ಕೆ ಹೋಗಿ. ನನ್ ಹೊಟ್ಟೆ ಮೇಲೆ ಹೊಡೀಬೇಡಿ" ಎಂದೆ.

ಅವರು, "ನಿಮ್ಗೆ ಲಾಸ್ ಆಗ್ಬಾರ್ದು, ಅಷ್ಟೇ ತಾನೆ? ನಂಗೂ ಬಿ.ಪಿ. ಇದೆ. ಮಾತ್ರೆ ಬೇರೆ ಕಡೆ ತಗೋತಿದ್ದೆ. ಇನ್ಮೇಲೆ ನಿಮ್ ಹತ್ರಾನೇ ತಗೋತೀನಿ. ಒಳ್ಳೇ ಕಂಪನಿದು ಕೊಡಿ, ರೇಟ್ ಕೇಳಲ್ಲ. ನೀವು ಆ ಅಗ್ಗದ್ದು ಇಡಿ, ಒಂದಿನಾನೂ ಇಲ್ಲ ಅನ್ಬಾರ್ದು" ಎಂದರು.

ಒಬ್ಬರ ಬಿ.ಪಿ. ಮಾತ್ರೆಯಿಂದ ನಾನೇನು ಬಂಗಲೆ ಕಟ್ಟುವುದಿರಲಿಲ್ಲ. ಆದರೂ ಸ್ಟೂಲು ಖಾಲಿಯಾದರೆ ಸಾಕಾಗಿತ್ತು. ಒಪ್ಪಿಕೊಂಡೆ. ಅಂದಿನಿಂದ ಪ್ರತಿ ತಿಂಗಳೂ ಒಂದನೇ ತಾರೀಕು ಬಂದು, ಅಂಗಡಿಯಲ್ಲಿದ್ದ ಅತಿ ದುಬಾರಿ ಬಿ.ಪಿ. ಮಾತ್ರೆಯ ಮೂರು ಶೀಟು, ಆಮೇಲಾಮೇಲೆ ಆರು ಶೀಟು ಕೊಳ್ಳುತ್ತಿದ್ದರು. ಊರಿನವರ ಪರವಾಗಿ ಅವರೇಕಾಯಿ ಕೊಳ್ಳುವವರ ಹಾಗೆ ಚೌಕಾಸಿ ಮಾಡುತ್ತಿದ್ದವರು ತಮ್ಮದಕ್ಕೆ ತುಟಿ ಎರಡು ಮಾಡುತ್ತಿರಲಿಲ್ಲ. ನಾನು ಮನೆಯಲ್ಲಿ, "ನೋಡೇ, ಹೇಳೋದು ಶಾಸ್ತ್ರ, ಹಾಕೋದು ಗಾಳ. ಬಡವ್ರಿಗೆ ಅಗ್ಗದ್ದು, ತನಗೆ ಮಾತ್ರ ರಾಜಯೋಗದ್ದು" ಎಂದು ಆಡಿಕೊಂಡಿದ್ದೇನೆ. "ಪಾಪ, ಅವ್ರಿಗೆ ಬಿ.ಪಿ. ಬಂದಿರೋದೇ ನಿಮ್ಮನ್ನ ನೋಡಿ" ಎಂದಳು ನನ್ನ ಹೆಂಡತಿ.

ಆಮೇಲಿನ ಅವರ ಅವತಾರಗಳಿಗೆ ಲೆಕ್ಕವಿಲ್ಲ. ತರಕಾರಿ ಅಂಗಡಿಯಲ್ಲಿ ಇರುತ್ತದಲ್ಲ, ಹಾಗೆ 'ಇಂದಿನ ದರ' ಎಂದು ಕರಿಹಲಗೆ ತಂದು ಮೇಲೆ ನೇತುಹಾಕಿದರು. ಅದರಲ್ಲಿ ಫಿಟ್ಸಿನ ಒಂದೊಂದು ಮಾತ್ರೆಗೂ ನನ್ನ ರೇಟು, ಪಕ್ಕದಲ್ಲಿ ಸುತ್ತಮುತ್ತಲಿನ ಇನ್ನು ಮೂರು ಅಂಗಡಿಗಳ ರೇಟು. ಬದನೆಕಾಯಿ ಕೊಳ್ಳುವ ಹಾಗೆ ಜನ ನನ್ನ ಹತ್ತಿರ ಬಂದು, "ಮೇಲೆ ಕಮ್ಮಿ ಬರ್ದಿದಾರಲ್ಲ" ಎಂದು ಜಗಳ ತೆಗೆಯುತ್ತಿದ್ದರು. ಔಷಧಿ ಕಂಪನಿಯ ರೆಪ್ಪು ಯಾರಾದರೂ ಪುಕ್ಕಟೆ ಸ್ಯಾಂಪಲ್ ತಂದರೆ, "ಎಷ್ಟು ದಿನಕ್ಕಾಗುತ್ತೆ?" ಎಂದು ಕೇಳುವರು. ಹತ್ತು ದಿನ ಎಂದರೆ, "ಹನ್ನೊಂದನೇ ದಿನ ನೀವೇ ಬೊಮ್ಮನಹಳ್ಳಿಗೆ ಹೋಗಿ ಕೊಟ್ಟು ಬರ್ತೀರಾ?" ಎಂದು ಟೈ ಕಟ್ಟಿದವನ ಬೆವರಿಳಿಸುವರು.

ಒಳಗೆ ಕೂತರೆ ಯಾರೂ ನಿಜ ಹೇಳುವುದಿಲ್ಲ ಎಂದು ಕಂಡುಕೊಂಡ ಮೇಲೆ, ಮಂಕಿ ಕ್ಯಾಪು ಹಾಕಿಕೊಂಡು ತಾವೇ ಟೋಕನ್ ತೆಗೆದುಕೊಂಡು ರೋಗಿಗಳ ಬೆಂಚಿನಲ್ಲಿ ಕೂರತೊಡಗಿದರು. ಯಾರು ಯಾವ ಹೊತ್ತಿನ ಮಾತ್ರೆ ಬಿಡುತ್ತಾರೆ, ಯಾರು ಒಂದು ಶೀಟನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ಎಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಹೊಸದಾಗಿ ಬಂದ ಒಬ್ಬರು ಇವರ ಮುಖ ನೋಡಿ ಮರುಗಿ, "ಈ ಡಾಕ್ಟ್ರು ಸ್ವಲ್ಪ ಲೂಸು ಅಂತಾರೆ. ಜಯನಗರದಲ್ಲಿ ಒಳ್ಳೇವ್ರೊಬ್ರು ಇದಾರೆ, ಅಲ್ಲಿಗೆ ಹೋಗಿ ಸಾರ್" ಎಂದರಂತೆ. ಇವರು ವಿಳಾಸ ಬರೆದುಕೊಂಡರು. ಟೋಕನ್ ಕೊಡುವ ಹುಡುಗ ತಮ್ಮ ನಂಬರು ಕೂಗಿದಾಗ ಎದ್ದು ಒಳಗೆ ಹೋಗಿ, ಅಭ್ಯಾಸಬಲದಿಂದ ರೋಗಿಯ ಕುರ್ಚಿಯಲ್ಲಿ ಕೂತು, ಹತ್ತು ನಿಮಿಷ ಡಾಕ್ಟ್ರಿಗಾಗಿ ಕಾದರು. ನಾನೇ ಹೋಗಿ ಎಬ್ಬಿಸಿದೆ.

ಹುಚ್ಚಾಟದ ನಡುವೆ ಲೆಕ್ಕ ಮಾತ್ರ ನೆಟ್ಟಗಿರುತ್ತಿತ್ತು. ಬೊಮ್ಮನಹಳ್ಳಿಯವಳನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿ ಸಾರ್, ಮಾತ್ರೆ ಪುಕ್ಕಟೆ ಸಿಗುತ್ತದೆ ಎಂದು ನಾನೇ ಒಮ್ಮೆ ಸಲಹೆ ಕೊಟ್ಟಿದ್ದೆ. "ಆ ಕ್ಯೂನಲ್ಲಿ ನಿಂತ್ರೆ ಅವ್ರಿಗೆ ಒಂದಿನದ ಸಂಬಳ ಹೋಗುತ್ತೆ, ಹಾಜರಿ ಬೋನಸ್ಸೂ ಹೋಗುತ್ತೆ. ಅವ್ರಿಗೆ ಪುಕ್ಕಟೆ ಮಾತ್ರೆ ನಿಮ್ಮದಕ್ಕಿಂತ ದುಬಾರಿ ಕಣ್ರೀ" ಎಂದರು. ಕೆಲಸವಿಲ್ಲದೆ ಮನೆಯಲ್ಲೇ ಇರುವ ಕೋಣನಕುಂಟೆ ತಾತನಿಗೆ ಮಾತ್ರ, ರೇಷನ್ ಕಾರ್ಡು ಇದೆ, ಪುರುಸೊತ್ತೂ ಇದೆ ಎಂದು ಅಲ್ಲಿಗೇ ಕಾಗದ ಬರೆದುಕೊಟ್ಟರು. ಅಲ್ಲಿ ದಾಸ್ತಾನು ಮುಗಿದಾಗ ತಾತ ನನ್ನ ಅಂಗಡಿಗೆ ಬರುತ್ತಿದ್ದರು. ಇನ್ನೊಬ್ಬರಿಗೆ ಹತ್ತು ವರ್ಷದಿಂದ ಫಿಟ್ಸೇ ಬಂದಿರಲಿಲ್ಲ, ಅವರದನ್ನು ಅಗ್ಗದ್ದಕ್ಕೆ ಬದಲಾಯಿಸೋಣವೇ ಎಂದರೆ, "ಮುಟ್ಬೇಡಿ, ಅದು ಕೂತಿರೋ ಕಡೆ ಕೂತಿರ್ಲಿ" ಎಂದರು. ಒಂದು ಸಲ ಹಿಡಿದ ಕಂಪನಿಯನ್ನು ಸುಮ್ಮಸುಮ್ಮನೆ ಬಿಡಬಾರದು ಎಂಬುದು ಅವರ ಹಟ. ಅದಕ್ಕಾಗಿ ನಾನು ಒಮ್ಮೆ ದಾಸ್ತಾನು ಮುಗಿದ ದಿನ ಅವರ ಸ್ಕೂಟರಿನ ಹಿಂದೆ ಕೂತು ಬಿ.ಟಿ.ಎಂ. ತನಕ ಮಾತ್ರೆ ಹುಡುಕಿಕೊಂಡು ಹೋಗಿದ್ದೇನೆ.

ಬೊಮ್ಮನಹಳ್ಳಿಯವಳ ಚೀಟಿ ನಿಧಾನಕ್ಕೆ ಒಂದೇ ಸಾಲಿಗೆ ಇಳಿಯಿತು. ಐದು ದಿನದ ಕೂಲಿ ಒಂದು ದಿನದ್ದಾಯಿತು. ಸುಮ್ಮನೆ ಬಸ್ ಚಾರ್ಜು ಕಳೆಯಬೇಡಿ ಎಂದು ಮೂರು ತಿಂಗಳಿಗೊಮ್ಮೆ ಬರಹೇಳಿದರು. ರಾತ್ರಿಯ ಮಾತ್ರೆ ಶುರುವಾದ ಮೇಲೆ ಅವಳು ಮಿಷನ್ ಮುಂದೆ ಬೀಳಲಿಲ್ಲ. ಆರು ವರ್ಷವಾಯಿತು, ಒಮ್ಮೆಯೂ ಬಿದ್ದಿಲ್ಲ. ಈಗ ಅದೇ ಲೈನಿನಲ್ಲಿ ಹೊಸಬರಿಗೆ ಕಾಲರ್ ಕೂರಿಸುವುದನ್ನು ಹೇಳಿಕೊಡುತ್ತಾಳೆ.

ಡಾಕ್ಟ್ರು ಹೋದದ್ದು ಜ್ವರ ಎದೆಗಿಳಿದು, ಎಂಟೇ ದಿನದಲ್ಲಿ. ಅವರ ರೋಗಿಗಳನ್ನು ಈಗ ಅವರ ಶಿಷ್ಯೆಯೊಬ್ಬರು ಜೆ.ಪಿ. ನಗರದಲ್ಲಿ ನೋಡುತ್ತಾರೆ. ಅವರ ಜೇಬಿನಲ್ಲೂ ಕೆಂಪು ಪೆನ್ನಿದೆ.

ಕಳೆದ ವಾರ ಡಾಕ್ಟ್ರ ಮಗಳು ಕ್ಲಿನಿಕ್ಕಿನ ಸಾಮಾನು ಖಾಲಿ ಮಾಡಲು ಬಂದಿದ್ದರು. ಒಂದು ರಟ್ಟಿನ ಡಬ್ಬವನ್ನು ಕಷ್ಟಪಟ್ಟು ಇಳಿಸಿಕೊಂಡು ಬಂದು ನನ್ನ ಕೌಂಟರಿನ ಮೇಲಿಟ್ಟರು.

"ಅಂಕಲ್, ಇದೆಲ್ಲ ನಿಮ್ಮ ಅಂಗಡಿದೇ ಅನ್ಸುತ್ತೆ. ಬಿಲ್ಲೂ ಇದೆ. ವಾಪಸ್ ತಗೋತೀರಾ?"

ಬಿ.ಪಿ. ಮಾತ್ರೆ. ಡಬ್ಬದ ತುಂಬಾ. ಆರು ವರ್ಷದ ಅಷ್ಟೂ ಶೀಟು ಬಿಲ್ಲುಗಳ ಸಮೇತ. ಬಹುಪಾಲಿನ ಅವಧಿ ಮುಗಿದಿತ್ತು.

"ಇದೇನಮ್ಮ, ಅಪ್ಪ ಮಾತ್ರೇನೇ ತಗೋತಿರ್ಲಿಲ್ವಾ? ಬಿ.ಪಿ. ಇಟ್ಕೊಂಡು ಹಿಂಗಾ ಮಾಡೋದು?" ಎಂದೆ. ಊರಿಗೆಲ್ಲಾ ಚಿಲಕದ ಉಪದೇಶ ಮಾಡಿದ ಮನುಷ್ಯ ಎಂದು ಸಿಟ್ಟೇ ಬಂತು.

"ಅಪ್ಪಂಗೆ ಯಾವ ಬಿ.ಪಿ. ಅಂಕಲ್? ಇರ್ಲೇ ಇಲ್ಲ. ಕೊನೇ ದಿನ ಆಸ್ಪತ್ರೆಲೂ ಬಿ.ಪಿ. ಒಂದು ನಾರ್ಮಲ್ ಇದೆ ಅಂತಾನೇ ಹೇಳಿದ್ರು."

ಒಂದು ಶೀಟು ತೆಗೆದು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಒಂದೂ ತೂತಿಲ್ಲ. ಆಚೆಯದು ಏನೂ ಕಾಣಲಿಲ್ಲ. ನನಗೆ ಲಾಸ್ ಆಗಬಾರದೆಂದು ಆ ಪುಣ್ಯಾತ್ಮ ಇಲ್ಲದ ರೋಗಕ್ಕೆ ಆರು ವರ್ಷ ಮಾತ್ರೆ ಕೊಂಡಿದ್ದರು, ನಾನು ಆರು ವರ್ಷ ಅವರನ್ನು ಆಡಿಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರ ಮೇಲೆ ಕೋಪವೂ ಬಂತು. ಎದುರಿಗಿದ್ದಿದ್ದರೆ ಜಗಳವಾಡುತ್ತಿದ್ದೆ, ಜಗಳವಾಡಿ ಅತ್ತುಬಿಡುತ್ತಿದ್ದೆ. ಡಾಕ್ಟ್ರ ಮಗಳಿಗೆ, ಇಟ್ಟು ಹೋಗಮ್ಮ ಎಂದೆ.

ಅವರು ಆಟೋ ಹತ್ತಿ ಹೋದ ಸ್ವಲ್ಪ ಹೊತ್ತಿಗೆ ಬೊಮ್ಮನಹಳ್ಳಿಯವಳು ಬಂದಳು, ಹೊಸ ಚೀಟಿ ಹಿಡಿದು. ಮೂರು ತಿಂಗಳ ಮಾತ್ರೆ ಕಟ್ಟಿ ಕೊಟ್ಟೆ. ಅವಳು ಚೀಲಕ್ಕೆ ಹಾಕಿಕೊಂಡು, ಹೋಗದೆ ನಿಂತಳು. ಒಮ್ಮೆ ಮೇಲಿನ ಮಹಡಿಯ ಮುಚ್ಚಿದ ಕಿಟಕಿ ನೋಡಿದಳು.

"ಅಣ್ಣ, ಡಾಕ್ಟ್ರು ಇಲ್ವಲ್ಲ ಈಗ. ಈ ಅಗ್ಗದ್ದು ಇನ್ಮೇಲೂ ಇಡ್ತೀರಾ? ನಿಮ್ಗೆ ಏನೂ ಗಿಟ್ಟಲ್ಲ ಅಂತಿದ್ರಲ್ಲ."

ಆ ಡಬ್ಬ ನನ್ನ ಕಾಲ ಬಳಿಯೇ ಇತ್ತು.

"ಇಡ್ತೀನಮ್ಮ. ಡಾಕ್ಟ್ರು ಅಡ್ವಾನ್ಸ್ ಕೊಟ್ಟು ಹೋಗಿದಾರೆ."

"ಎಷ್ಟು ದಿನಕ್ಕಾಗುತ್ತಣ್ಣ ಅದು?"

"ನಾನಿರೋವರೆಗೂ ಆಗುತ್ತೆ" ಎಂದೆ.